ಸಂಜೆಯ ಕೆಂಪು ಎಲ್ಲಿಂದ ಬಂತು: ಇಥಿಯೋಪಿಯದ ಜ್ವಾಲಾಮುಖಿಯಿಂದಲೋ, ಪಕ್ಕದ ಕಬ್ಬಿನ ಗದ್ದೆಯಿಂದಲೋ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ರೈತ. ಎರಡು ಎಕರೆ ಕಬ್ಬು, ಒಂದು ಎಕರೆ ಭತ್ತ ಇದೆ. 2025ರ ನವೆಂಬರ್ ಕೊನೆಯ ವಾರ ನಮ್ಮೂರಿನಲ್ಲಿ ನಾಲ್ಕೈದು ದಿನ ಸಂಜೆಯ ಆಕಾಶ ಹಿಂದೆಂದೂ ಕಾಣದಷ್ಟು ಕೆಂಪಾಗಿತ್ತು. ಮುಳುಗುವ ಸೂರ್ಯ ತಾಮ್ರದ ತಟ್ಟೆಯಂತಿದ್ದ, ಬರಿಗಣ್ಣಿನಿಂದಲೇ ನೋಡಬಹುದಿತ್ತು. ಸೂರ್ಯ ಮುಳುಗಿದ ಮೇಲೆ ನಾನು ಒಂದು ಎಮ್ಮೆಯ ಹಾಲು ಕರೆದು ಏಳುವಷ್ಟರಲ್ಲಿ ಆ ಕೆಂಪೆಲ್ಲ ಹೋಗಿ ಕತ್ತಲು ಕವಿಯುತ್ತಿತ್ತು. ಅದೇ ವಾರ ಇಥಿಯೋಪಿಯದ ಜ್ವಾಲಾಮುಖಿಯ ಬೂದಿ ದೆಹಲಿಯವರೆಗೆ ಬಂದು ವಿಮಾನಗಳು ನಿಂತಿವೆ ಎಂದು ಅಲ್ಲಿ ಕೆಲಸದಲ್ಲಿರುವ ಮಗ ಫೋನ್ ಮಾಡಿದ. ಒಂದು ಬೆಳಿಗ್ಗೆ ಮಾಳಿಗೆಯ ಮೇಲೆ ಒಣಹಾಕಿದ್ದ ಬಟ್ಟೆ, ಮೆಣಸಿನಕಾಯಿಯ ಮೇಲೆಲ್ಲ ಕಪ್ಪು ಚೂರುಗಳು ಬಿದ್ದಿದ್ದವು. ಒಂದು ಚಿಟಿಕೆಯನ್ನು ಪೊಟ್ಟಣ ಕಟ್ಟಿ ಇದರೊಂದಿಗೆ ಕಳುಹಿಸಿದ್ದೇನೆ. ವಾಟ್ಸ್‌ಆ್ಯಪ್‌ನಲ್ಲಿ ಆಮ್ಲದ ಮಳೆ ಬೀಳುತ್ತದೆ, ಬೆಳೆ ಸುಟ್ಟುಹೋಗುತ್ತದೆ, ಮುಂದಿನ ವರ್ಷ ಮಳೆಯೂ ಇಲ್ಲ ಎಂದು ಬರುತ್ತಿದೆ. ನಮ್ಮ ತಾಯಿ ಇದು ದಿಗ್ದಾಹ, ಊರಿಗೆ ಒಳ್ಳೆಯದಲ್ಲ ಎನ್ನುತ್ತಾರೆ. ಇದರಲ್ಲಿ ಯಾವುದನ್ನು ನಂಬಬೇಕು? ನೀರಿನ ತೊಟ್ಟಿ ಮುಚ್ಚಬೇಕೇ? ಆ ಮೆಣಸಿನಕಾಯಿಯನ್ನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಕೆಂಪು ಸಂಜೆ, ಕಪ್ಪು ಚೂರು, ದೆಹಲಿಯ ವಿಮಾನ, ಬೆಳೆಯ ಭಯ ಎಂಬ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ಇವೆಲ್ಲ ಒಂದೇ ವಾರದಲ್ಲಿ ಎದುರಾದುದರಿಂದ ಒಂದೇ ದಾರಕ್ಕೆ ಪೋಣಿಸಿದಂತೆ ಕಂಡಿರುವುದು ಸಹಜವೇ. ಜ್ವಾಲಾಮುಖಿಗಳು ಸಾವಿರಾರು ಮೈಲಿ ದೂರದ ಸಂಜೆಗೆ ಬಣ್ಣ ಹಚ್ಚುತ್ತವೆ ಎಂಬುದು ಕಟ್ಟುಕಥೆಯಲ್ಲ, ನೂರ ನಲವತ್ತು ವರ್ಷಗಳಿಂದ ಚೆನ್ನಾಗಿ ತಿಳಿದಿರುವ ವಿಷಯ. ಆದರೆ ನಿಮ್ಮೂರಿನ ಆ ಕೆಂಪು ಜ್ವಾಲಾಮುಖಿಯದಲ್ಲ. ಅದಕ್ಕೆ ಸಾಕ್ಷ್ಯವನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ, ಎಮ್ಮೆಯ ಹಾಲು ಕರೆಯುವ ಆ ಒಂದು ಸಾಲಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪೊಟ್ಟಣದ ವಿಚಾರ. ಅದನ್ನು ಬಿಳಿ ಹಾಳೆಯ ಮೇಲೆ ಸುರುವಿಕೊಂಡು ಎರಡು ಬೆರಳುಗಳ ನಡುವೆ ಉಜ್ಜಿದೆ. ಚೂರುಗಳು ಪುಡಿಯಾಗಿ ಬೆರಳಿಗೆ ಕಾಡಿಗೆಯಂತೆ ಮೆತ್ತಿಕೊಂಡವು. ಲೋಟದ ನೀರಿಗೆ ಹಾಕಿದ ಉಳಿದ ಚೂರುಗಳು ಬಹಳ ಹೊತ್ತು ತೇಲುತ್ತಲೇ ಇದ್ದವು. ಸೂಕ್ಷ್ಮದರ್ಶಕದಡಿ ಇಟ್ಟಾಗ ಎಲೆಯ ನರಗಳು ಸಾಲುಸಾಲಾಗಿ ಓಡಿರುವುದೂ ಅವುಗಳ ನಡುವೆ ಇಟ್ಟಿಗೆ ಜೋಡಿಸಿದಂತೆ ಜೀವಕೋಶಗಳ ಗುರುತೂ ಕಂಡವು. ಇದು ಹುಲ್ಲಿನ ಜಾತಿಯ ಗಿಡವೊಂದರ ಸುಟ್ಟ ಎಲೆ, ನಿಮ್ಮ ಸೀಮೆಯಲ್ಲಿ ಹೇಳುವುದಾದರೆ ಕಬ್ಬಿನ ತರಗು. ಜ್ವಾಲಾಮುಖಿಯ ಬೂದಿಯಲ್ಲಿ ಇದಾವುದೂ ಇರಲು ಸಾಧ್ಯವಿಲ್ಲ. ‘ಬೂದಿ’ ಎಂಬ ನಮ್ಮ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಒಲೆಯ ಬೂದಿ ಸುಟ್ಟು ಉಳಿದದ್ದು, ಜ್ವಾಲಾಮುಖಿಯ ಬೂದಿಯಾದರೋ ಯಾವುದನ್ನೂ ಸುಟ್ಟು ಉಳಿದದ್ದಲ್ಲ. ಕರಗಿದ ಬಂಡೆಯೊಳಗಿನ ಅನಿಲಗಳು ಒಮ್ಮೆಲೇ ಹಿಗ್ಗಿದಾಗ ಬಂಡೆ ಛಿದ್ರಛಿದ್ರವಾಗಿ ಹುಟ್ಟುವ ಗಾಜು ಮತ್ತು ಖನಿಜಗಳ ಪುಡಿ ಅದು. ಬೆರಳಲ್ಲಿ ಉಜ್ಜಿದರೆ ಮರಳು ಕಾಗದದಂತೆ ತರಿತರಿಯಾಗಿರುತ್ತದೆ, ಮಸಿ ಬಿಡುವುದಿಲ್ಲ. ಈ ಗಾಜಿನ ಪುಡಿ ವಿಮಾನದ ಎಂಜಿನ್ನಿನ ಶಾಖಕ್ಕೆ ಮತ್ತೆ ಕರಗಿ ಒಳಭಾಗಗಳಿಗೆ ಅಂಟಿಕೊಳ್ಳುವುದರಿಂದಲೇ ವಿಮಾನಗಳು ಅದರ ಹತ್ತಿರ ಸುಳಿಯುವುದಿಲ್ಲ. 1982ರ ಜೂನ್‌ನಲ್ಲಿ ಜಾವಾದ ಗಲುಂಗ್‌ಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ರಾತ್ರಿ ಹೊಕ್ಕ ಪ್ರಯಾಣಿಕ ವಿಮಾನವೊಂದರ ನಾಲ್ಕೂ ಎಂಜಿನ್ನುಗಳು ನಿಂತುಹೋಗಿದ್ದವು. ಅದೃಷ್ಟಕ್ಕೆ ಕೆಳಗಿಳಿದ ಮೇಲೆ ಮತ್ತೆ ಚಾಲೂ ಆದವು.

ನಿಮ್ಮ ಮಗ ಹೇಳಿದ್ದೂ ನಿಜವೇ. ಇಥಿಯೋಪಿಯದ ಅಫಾರ್ ಪ್ರದೇಶದ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ 2025ರ ನವೆಂಬರ್ 23ರಂದು ಸಿಡಿಯಿತು. ಸುಮಾರು 14 ಕಿಲೋಮೀಟರ್ ಎತ್ತರಕ್ಕೆ ಎದ್ದ ಅದರ ಬೂದಿ ಮೋಡ ಕೆಂಪು ಸಮುದ್ರ, ಯೆಮನ್, ಒಮಾನ್ ದಾಟಿ, ಅರಬ್ಬೀ ಸಮುದ್ರದ ಮೇಲಿಂದ 24ರ ರಾತ್ರಿಯ ಹೊತ್ತಿಗೆ ಗುಜರಾತ್, ರಾಜಸ್ಥಾನ, ದೆಹಲಿಗಳ ಆಕಾಶಕ್ಕೆ ಬಂದು, ಅಲ್ಲಿಂದ ಚೀನಾದ ಕಡೆಗೆ ಸರಿದುಹೋಯಿತು. ಕೆಲವು ವಿಮಾನಗಳು ರದ್ದಾದವು. ಆ ಮೋಡದ ದಾರಿ ವಾಯವ್ಯ ಭಾರತದ್ದೇ ಹೊರತು ದಕ್ಷಿಣ ಕರ್ನಾಟಕದ್ದಲ್ಲ. ಈ ಕಾರಣವೊಂದೇ ಸಾಕಿತ್ತು ನಿಮ್ಮ ಪ್ರಶ್ನೆಗೆ ಉತ್ತರವಾಗಿ. ಆದರೆ ‘ಮೋಡ ಇಲ್ಲಿಗೆ ಬರಲಿಲ್ಲ’ ಎಂದು ನಾನು ಹೇಳಿದರೆ ನೀವು ನನ್ನ ಮಾತನ್ನು ನಂಬಬೇಕಾಗುತ್ತದೆಯಷ್ಟೆ. ನೀವೇ ಪರೀಕ್ಷಿಸಿಕೊಳ್ಳಬಹುದಾದ ದಾರಿಯೊಂದಿದೆ, ಅದಕ್ಕಾಗಿ ಸಂಜೆ ಏಕೆ ಕೆಂಪಾಗುತ್ತದೆ ಎಂಬಲ್ಲಿಂದ ಹೊರಡಬೇಕು.

ಸೂರ್ಯನ ಬೆಳಕು ಗಾಳಿಯ ಅಣುಗಳಿಗೆ ತಾಗಿ ಎಲ್ಲ ದಿಕ್ಕುಗಳಿಗೂ ಚದುರುತ್ತದೆ. ತರಂಗ ಚಿಕ್ಕದಾದಷ್ಟೂ ಚದುರುವುದು ಹೆಚ್ಚು. ಲಾರ್ಡ್ ರೇಲಿ 1871ರಲ್ಲಿ ತೋರಿಸಿಕೊಟ್ಟ ಲೆಕ್ಕದ ಪ್ರಕಾರ ನೀಲಿ ಬೆಳಕು ಕಡುಗೆಂಪಿಗಿಂತ ಸುಮಾರು ಆರು ಪಟ್ಟು ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ನೀಲಿಯಾಗಿರುವುದು ಹೀಗೆ ಚದುರಿದ ಬೆಳಕಿನಿಂದ. ಸೂರ್ಯ ದಿಗಂತಕ್ಕೆ ಇಳಿದಾಗ ಅವನ ಕಿರಣಗಳು ನೆತ್ತಿಯ ಮೇಲಿದ್ದಾಗಿನದಕ್ಕಿಂತ ನಲವತ್ತು ಪಟ್ಟಿನಷ್ಟು ಹೆಚ್ಚು ಗಾಳಿಯನ್ನು ಸೀಳಿ ಬರಬೇಕಾಗುತ್ತದೆ. ದಾರಿಯುದ್ದಕ್ಕೂ ನೀಲಿ, ಹಸಿರು ಸೋರಿಹೋಗಿ ನಮ್ಮ ಕಣ್ಣಿಗೆ ತಲುಪುವಾಗ ಹಳದಿ, ಕಿತ್ತಳೆ, ಕೆಂಪು ಮಾತ್ರ ಉಳಿದಿರುತ್ತವೆ. ಇದಕ್ಕೆ ಜ್ವಾಲಾಮುಖಿಯೂ ಬೇಡ, ಹೊಗೆಯೂ ಬೇಡ.

ಹೊಗೆ, ಧೂಳು ಇದ್ದರೆ ಬಣ್ಣ ಇನ್ನೂ ಚೆಂದ ಎಂದು ಬಹಳ ಜನ ನಂಬಿದ್ದಾರೆ. ವಿದ್ಯಾರ್ಥಿಗಳಂತಿರಲಿ, ನನ್ನ ಸಹೋದ್ಯೋಗಿಗಳೇ ಈ ಮಾತಿಗೆ ನನ್ನೊಡನೆ ವಾದಕ್ಕಿಳಿದದ್ದುಂಟು. ನೆಲಕ್ಕೆ ಹತ್ತಿರದ ದಪ್ಪ ಧೂಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ಚದುರಿಸುವುದರಿಂದ ಆಕಾಶ ಬಿಳಿಚಿಕೊಳ್ಳುತ್ತದೆ, ಮಾಸಲು ಕಂದಾಗುತ್ತದೆ. ಹೊಗೆ ದಟ್ಟವಾದರೆ ಸೂರ್ಯನ ಬಿಲ್ಲೆಯೂ ಅದರ ಆಸುಪಾಸೂ ಕೆಂಪಾಗಿ ಮಂಕಾಗುತ್ತವೆ, ಉಳಿದ ಆಕಾಶ ಬೂದುಬಣ್ಣಕ್ಕೆ ತಿರುಗುತ್ತದೆ. ನಿಜವಾಗಿ ಉಜ್ವಲವಾದ ಸಂಜೆಗಳು ಕಾಣುವುದು ಮಳೆ ಬಂದು ಗಾಳಿ ತೊಳೆದುಹೋದ ದಿನಗಳಲ್ಲಿ, ಎತ್ತರದ ತೆಳು ಮೋಡಗಳ ಹೊಟ್ಟೆಗೆ ಕೆಳಗಿನಿಂದ ಬೆಳಕು ಬಿದ್ದಾಗ. ಹಿಂಗಾರಿನ ಕಾಲದಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳಿಂದ ಹರಡಿಕೊಂಡು ಬರುವ ಅಂಥ ಮೋಡಗಳಿಗೆ ಮಂಡ್ಯ, ಮೈಸೂರುಗಳಲ್ಲಿ ಬರವೇನಿಲ್ಲ. ದನ ಮನೆಗೆ ಬರುವಾಗ ಏಳುವ ಧೂಳಿನಿಂದ ಸಂಜೆಗೆ ಗೋಧೂಳಿ ಎಂದು ಹೆಸರಿಟ್ಟವರು ಆ ಧೂಳಿನ ಬಣ್ಣ ಕೆಂಪಲ್ಲ, ಹೊನ್ನಿನ ಮಾಸಲು ಎಂಬುದನ್ನು ಖಂಡಿತ ಗಮನಿಸಿಯೇ ಇದ್ದಿರಬೇಕು.

ಜ್ವಾಲಾಮುಖಿ ಮಾಡುವ ಕೆಲಸ ಇದಕ್ಕಿಂತ ಬೇರೆಯೇ ಎತ್ತರದಲ್ಲಿ ನಡೆಯುತ್ತದೆ. ಬೂದಿ ಭಾರವಾದದ್ದು, ಅದರ ಬಹುಪಾಲು ದಿನಗಳಲ್ಲೋ ವಾರಗಳಲ್ಲೋ ಉದುರಿಹೋಗುತ್ತದೆ. ಉಳಿಯುವುದು ಗಂಧಕದ ಡೈಆಕ್ಸೈಡ್ ಎಂಬ ಅನಿಲ. ಸಿಡಿತ ಬಲವಾಗಿದ್ದರೆ ಅದು ಮಳೆ ಮೋಡಗಳ ವ್ಯವಹಾರವೆಲ್ಲ ನಡೆಯುವ ಪರಿವರ್ತನ ಮಂಡಲವನ್ನು ಭೇದಿಸಿ, ನಮ್ಮ ಉಷ್ಣವಲಯದಲ್ಲಿ 16–17 ಕಿಲೋಮೀಟರಿನಿಂದಾಚೆಗೆ ಶುರುವಾಗುವ ಸಮೋಷ್ಣ ಮಂಡಲವನ್ನು ಸೇರುತ್ತದೆ. ಅಲ್ಲಿ ಕೆಲವು ವಾರಗಳಲ್ಲಿ ನೀರಾವಿಯೊಡನೆ ಬೆರೆತು ಸಲ್ಫ್ಯೂರಿಕ್ ಆಮ್ಲದ ಹನಿಗಳಾಗುತ್ತದೆ. ಇವುಗಳನ್ನೇ ಏರೋಸಾಲ್ ಎನ್ನುವುದು. ಒಂದು ಮಿಲಿಮೀಟರಿನಲ್ಲಿ ಸಾವಿರಾರು ಹನಿಗಳನ್ನು ಸಾಲಾಗಿ ನಿಲ್ಲಿಸಬಹುದಾದಷ್ಟು ಚಿಕ್ಕವು, ಮುಕ್ಕಾಲು ಪಾಲು ಆಮ್ಲ, ಕಾಲು ಪಾಲು ನೀರು. ಅವುಗಳನ್ನು ತೊಳೆಯಲು ಅಲ್ಲಿ ಮಳೆ ಇಲ್ಲದಿರುವುದರಿಂದ ಒಂದೆರಡು ವರ್ಷ, ಕೆಲವೊಮ್ಮೆ ಮೂರು ವರ್ಷ ತೇಲಿಕೊಂಡೇ ಇರುತ್ತವೆ, ಗಾಳಿಯೊಡನೆ ಭೂಮಿಯನ್ನು ಸುತ್ತುತ್ತವೆ. ನಿಮ್ಮೂರಿನ ಹೊಗೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಎತ್ತರದ್ದು.

ಸೂರ್ಯ ನಮಗೆ ಮುಳುಗಿದ ಮೇಲೂ ಅಷ್ಟು ಎತ್ತರದಲ್ಲಿರುವ ಹನಿಗಳಿಗೆ ಮುಳುಗಿರುವುದಿಲ್ಲ. ಬೆಟ್ಟದ ತಪ್ಪಲಿನಲ್ಲಿ ಕತ್ತಲಾದರೂ ತುದಿಯಲ್ಲಿ ಬಿಸಿಲಿರುತ್ತದೆಯಲ್ಲ, ಹಾಗೆ. ವಾಯುಮಂಡಲದ ಅಂಚನ್ನು ಸವರಿಕೊಂಡು ಬರುವಾಗಲೇ ನೀಲಿಯನ್ನೆಲ್ಲ ಕಳೆದುಕೊಂಡ ಕೆಂಪು ಕಿರಣಗಳು ಈ ಹನಿಗಳ ಹಾಳೆಗೆ ಬಡಿದು ನಮ್ಮ ಕಡೆಗೆ ತಿರುಗುತ್ತವೆ. ಅದೇ ಹೊತ್ತಿಗೆ ಅವುಗಳಿಗಿಂತಲೂ ಮೇಲಿರುವ ಶುದ್ಧ ಗಾಳಿಯಿಂದ ಸ್ವಲ್ಪ ನೀಲಿ ಬೆಳಕು ಇಳಿದು ಬರುತ್ತಿರುತ್ತದೆ. ಕೆಂಪಿಗೆ ನೀಲಿ ಬೆರೆತರೆ ನೇರಳೆ. ಜ್ವಾಲಾಮುಖಿಯ ಸಂಜೆಯ ಗುರುತು ಕೆಂಪಲ್ಲ, ತಡವಾಗಿ ಬರುವ ಈ ನೇರಳೆ.

ಇದು ಲೋಕಕ್ಕೆಲ್ಲ ತಿಳಿದದ್ದು ಕ್ರಕಟೋವಾದಿಂದ. ಜಾವಾ ಮತ್ತು ಸುಮಾತ್ರಾಗಳ ನಡುವಿನ ಸುಂದಾ ಜಲಸಂಧಿಯ ಆ ದ್ವೀಪ 1883ರ ಆಗಸ್ಟ್ 27ರಂದು ಸಿಡಿದು, ಎದ್ದ ಸಮುದ್ರದ ಅಲೆಗಳಿಗೆ ಸಿಕ್ಕಿ 36,000ಕ್ಕೂ ಹೆಚ್ಚು ಜನ ಸತ್ತರು. ಅದರ ಮೋಡ ಸಮಭಾಜಕದ ಗುಂಟ ಪಶ್ಚಿಮಕ್ಕೆ ಹರಿದು ಸುಮಾರು ಎರಡು ವಾರಗಳಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿತು. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಸಿಂಹಳದಲ್ಲಿಯೂ ಮದ್ರಾಸಿನಲ್ಲಿಯೂ ಸೂರ್ಯ ಹಸಿರಾಗಿ, ನೀಲಿಯಾಗಿ ಕಂಡ. ಮದ್ರಾಸಿನಲ್ಲಿ ಪ್ರಾಧ್ಯಾಪಕರಾಗಿದ್ದ, ಮುಂದೆ ಕೊಡೈಕನಾಲ್ ವೀಕ್ಷಣಾಲಯವನ್ನು ಕಟ್ಟಿದ ಮಿಷೀ ಸ್ಮಿತ್ ಆ ಹಸಿರು ಸೂರ್ಯನ ಬೆಳಕನ್ನು ರೋಹಿತದರ್ಶಕದಲ್ಲಿ ಬಣ್ಣಬಣ್ಣವಾಗಿ ಒಡೆದು ನೋಡಿ ಬರೆದಿಟ್ಟಿದ್ದಾರೆ. ಮದ್ರಾಸಿಗೆ ಕಂಡದ್ದು ಮೈಸೂರಿಗೂ ಕಂಡಿರಲೇಬೇಕೆಂಬುದು ನನ್ನ ಊಹೆ. ಅರಮನೆಯ ಉಪ್ಪರಿಗೆಯಿಂದಲೋ ಕನ್ನಂಬಾಡಿ ಹಳ್ಳಿಯ ಹೊಲದಿಂದಲೋ ಹಸಿರು ಸೂರ್ಯನನ್ನು ನೋಡಿದವರು ಏನೆಂದುಕೊಂಡರೋ! ಹಸಿರಾಗಲು ಕಾರಣ ಕಣಗಳ ಗಾತ್ರ. ಎಲ್ಲ ಕಣಗಳೂ ಅಳೆದಿಟ್ಟಂತೆ ಒಂದೇ ಅಳತೆಯವಾಗಿದ್ದು, ಆ ಅಳತೆ ಬೆಳಕಿನ ತರಂಗಕ್ಕೆ ಸಮೀಪವಾಗಿದ್ದರೆ, ಎಂದಿನ ಲೆಕ್ಕ ತಲೆಕೆಳಗಾಗಿ ಕೆಂಪೇ ಹೆಚ್ಚು ಚದುರಿ, ಹಸಿರು, ನೀಲಿ ನೇರವಾಗಿ ದಾಟಿ ಬರುತ್ತವೆ. ಇದು ತೀರ ಅಪರೂಪ. 1950ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಸ್ಕಾಟ್ಲೆಂಡಿನ ಸೂರ್ಯನನ್ನು ಹೀಗೆಯೇ ನೀಲಿಯಾಗಿಸಿತ್ತು.

ಮುಂದೆ ಮೋಡ ಉತ್ತರಕ್ಕೂ ದಕ್ಷಿಣಕ್ಕೂ ಹರಡಿತು. 1883ರ ನವೆಂಬರ್ ಕೊನೆಯ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿ ವಿಲಿಯಂ ಆ್ಯಸ್‌ಕ್ರಾಫ್ಟ್ ಎಂಬ ಕಲಾವಿದರು ಥೇಮ್ಸ್ ನದಿಯ ದಡದಲ್ಲಿ ನಿಂತು ಬಣ್ಣದ ಕಡ್ಡಿಗಳಿಂದ ಸಂಜೆಯ ಆಕಾಶವನ್ನು ಕೆಲವು ನಿಮಿಷಗಳಿಗೊಂದರಂತೆ ಬರೆಯತೊಡಗಿದ್ದರು. ಅಂಥ ಚಿತ್ರಗಳನ್ನು ಅವರು ಒಟ್ಟು ಐನೂರಕ್ಕಿಂತ ಹೆಚ್ಚು ಬರೆದರು. ಅಮೆರಿಕದ ಪೊಕೀಪ್ಸಿ ಮತ್ತು ನ್ಯೂ ಹೇವನ್ ಊರುಗಳಲ್ಲಿ ಪಶ್ಚಿಮಕ್ಕೆಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡು ಅಗ್ನಿಶಾಮಕ ಬಂಡಿಗಳನ್ನೇ ಹೊರಡಿಸಿದರು. ನಿಮ್ಮ ತಾಯಿಯವರಿಗೆ ಈ ಪ್ರಸಂಗವನ್ನು ಓದಿ ಹೇಳಿ. ದಿಕ್ಕುಗಳೇ ಉರಿಯುವಂತೆ ಕಾಣುವುದನ್ನು ದಿಗ್ದಾಹವೆಂದು ಹೆಸರಿಸಿ, ಅದರ ಬಣ್ಣಕ್ಕೆ ತಕ್ಕ ಫಲವನ್ನು ಜ್ಯೋತಿಷಿ ವರಾಹಮಿಹಿರ ಆರನೆಯ ಶತಮಾನದಲ್ಲಿಯೇ ಪಟ್ಟಿ ಮಾಡಿದ್ದಾನೆ. ನೋಡುವ ಕಣ್ಣು ಅವನದು ಬಹಳ ಚುರುಕು, ಫಲದ ಭಾಗವನ್ನು ಮಾತ್ರ ನಾನು ಒಪ್ಪುವುದಿಲ್ಲ.

ನನ್ನ ಸರದಿ ಬಂದದ್ದು 1991ರಲ್ಲಿ. ಫಿಲಿಪ್ಪೀನ್ಸಿನ ಪಿನಟುಬೊ ಜೂನ್ 15ರಂದು ಸಿಡಿದು 1.5ರಿಂದ 2 ಕೋಟಿ ಟನ್ ಗಂಧಕದ ಡೈಆಕ್ಸೈಡನ್ನು ಸಮೋಷ್ಣ ಮಂಡಲಕ್ಕೆ ತೂರಿತ್ತು. ಆಗ ನಾನು ಮೈಸೂರಿನಲ್ಲಿ ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ಆ ವರ್ಷದ ಡಿಸೆಂಬರಿನ ಸಂಜೆಗಳಲ್ಲಿ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಎಚ್‌ಎಂಟಿ ಕೈಗಡಿಯಾರ, ನೋಟ್‌ಬುಕ್, ಒಂದು ಪೆನ್ ಟಾರ್ಚ್ ಹಿಡಿದುಕೊಂಡು ಕೂರುತ್ತಿದ್ದೆ. ಸೂರ್ಯ ಮುಳುಗುವುದು ಎಂದಿನಂತೆಯೇ ಇರುತ್ತಿತ್ತು. ಅದನ್ನಷ್ಟೇ ನೋಡಿದವರಿಗೆ ಏನೂ ವಿಶೇಷ ಕಾಣುತ್ತಿರಲಿಲ್ಲ. ವಾಕಿಂಗ್ ಬಂದವರು ಎದ್ದುಹೋಗುತ್ತಿದ್ದರು, ಹೆಜ್ಜಾರ್ಲೆ ಹಕ್ಕಿಗಳು ನಡುಗಡ್ಡೆಯ ಮರ ಸೇರುತ್ತಿದ್ದವು, ಆಕಾಶ ಬೂದಿಬಣ್ಣಕ್ಕೆ ತಿರುಗಿ ಇನ್ನೇನು ಮುಗಿಯಿತು ಎನ್ನುವಾಗ, ಮುಳುಗಿ ಒಂದು ಕಾಲು ಗಂಟೆಯಾದ ಮೇಲೆ, ಪಶ್ಚಿಮದಲ್ಲಿ ದಿಗಂತಕ್ಕಿಂತ ಸಾಕಷ್ಟು ಮೇಲೆ ಗುಲಾಬಿ ಬಣ್ಣದ ಒಂದು ಕಲೆ ಮೂಡಿ ನೇರಳೆಯಾಗಿ ಹರಡಿಕೊಳ್ಳುತ್ತಿತ್ತು. ಆರಿಹೋಗುತ್ತಿದ್ದ ಬೆಳಕು ಮತ್ತೆ ಹೆಚ್ಚಾಗುತ್ತಿತ್ತು. ತೊಡೆಯ ಮೇಲಿದ್ದ ನೋಟ್‌ಬುಕ್ಕಿನ ಬಿಳಿ ಹಾಳೆ ಗುಲಾಬಿಯಾಗುತ್ತಿತ್ತು, ಟಾರ್ಚ್ ಇಲ್ಲದೆಯೇ ಸಮಯ ಬರೆದುಕೊಳ್ಳುತ್ತಿದ್ದೆ. ಮಾಸಿಹೋದ ಆ ಪುಟಗಳು ಇನ್ನೂ ನನ್ನ ಬಳಿ ಇವೆ, ಬಣ್ಣಕ್ಕಿಂತ ಹೆಚ್ಚಾಗಿ ಅವುಗಳಲ್ಲಿರುವುದು ನಿಮಿಷಗಳ ಲೆಕ್ಕ.

ಏಕೆಂದರೆ ನಿಮಿಷಗಳೇ ಎತ್ತರವನ್ನು ಹೇಳುತ್ತವೆ. ಭೂಮಿಯ ನೆರಳು ಮೇಲೇರುವ ವೇಗ ನಮಗೆ ಗೊತ್ತಿರುವುದರಿಂದ ತಲೆಯ ಮೇಲಿನ ಬಣ್ಣ ಎಷ್ಟು ಹೊತ್ತಿಗೆ ಆರಿತು ಎಂದು ನೋಡಿದರೆ ಅದು ಎಷ್ಟು ಎತ್ತರದ ಕಣಗಳಿಂದ ಬಂದದ್ದೆಂದು ಲೆಕ್ಕ ಹಾಕಬಹುದು. ಕ್ರಕಟೋವಾದ ಪದರದ ಎತ್ತರವನ್ನು, ಬಲೂನೂ ಉಪಗ್ರಹವೂ ಅಲ್ಲಿಗೆ ಹೋಗದ ಕಾಲದಲ್ಲಿ, ಹೀಗೆಯೇ ಅಂದಾಜು ಮಾಡಿದ್ದರು. ನಮ್ಮ ಅಕ್ಷಾಂಶದಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು 5 ಗಂಟೆ 50 ನಿಮಿಷದ ಆಸುಪಾಸು. ನೆಲದಿಂದ 3 ಕಿಲೋಮೀಟರ್ ಒಳಗಿನ ಹೊಗೆಗೆ ತಲೆಯ ಮೇಲೆ ಏಳೆಂಟು ನಿಮಿಷದಲ್ಲಿ ನೆರಳು ಬಿದ್ದು ಹೋಗುತ್ತದೆ, ಪಶ್ಚಿಮದ ಅಂಚಿನಲ್ಲಿ ಹೆಚ್ಚೆಂದರೆ ಕಾಲು ಗಂಟೆ. 10 ಕಿಲೋಮೀಟರ್ ಎತ್ತರದ ತೆಳು ಮೋಡ ತಲೆಯ ಮೇಲೆ ಹದಿನಾಲ್ಕು ನಿಮಿಷದವರೆಗೆ ಬೆಳಗುತ್ತದೆ. 20 ಕಿಲೋಮೀಟರಿನ ಜ್ವಾಲಾಮುಖಿ ಪದರವಾದರೋ ತಲೆಯ ಮೇಲೆ ಸುಮಾರು ಇಪ್ಪತ್ತು ನಿಮಿಷ, ಪಶ್ಚಿಮದ ಅಂಚಿನಲ್ಲಿ ನಲವತ್ತು ನಿಮಿಷದವರೆಗೂ ಬಣ್ಣ ಹಿಡಿದುಕೊಂಡಿರುತ್ತದೆ. ಇವು ಒರಟು ಲೆಕ್ಕಗಳು, ಒಂದೆರಡು ನಿಮಿಷ ಆಚೀಚೆಯಾಗುತ್ತವೆ. ಆದರೆ ಹೊಗೆಗೂ ಜ್ವಾಲಾಮುಖಿಗೂ ನಡುವಿನ ಅಂತರ ಒಂದೆರಡು ನಿಮಿಷದ್ದಲ್ಲ.

ಈಗ ನಿಮ್ಮ ಎಮ್ಮೆಗೆ ಬರೋಣ. ಒಂದು ಎಮ್ಮೆಯ ಹಾಲು ಕರೆಯಲು ಪಳಗಿದ ಕೈಗೆ ಹತ್ತು ನಿಮಿಷ ಬೇಕು. ಸೂರ್ಯ ಮುಳುಗಿದ ಮೇಲೆ ಶುರು ಮಾಡಿ, ನೀವು ಎದ್ದಾಗ ಕೆಂಪು ಹೋಗಿತ್ತು ಎನ್ನುತ್ತೀರಿ. ಹಾಗಾದರೆ ಆ ಬಣ್ಣ ಮೂರ್ನಾಲ್ಕು ಕಿಲೋಮೀಟರಿನೊಳಗಿನದು. ಎರಡನೆಯ ಸಾಕ್ಷ್ಯ ತಾಮ್ರದ ತಟ್ಟೆ. ಬರಿಗಣ್ಣಿಗೆ ಕಾಣುವಷ್ಟು ಸೂರ್ಯನ ಬಿಲ್ಲೆ ಮಂಕಾಗಬೇಕಾದರೆ ನೆಲದ ಬಳಿಯೇ ದಟ್ಟವಾದ ಹೊಗೆ ಇರಬೇಕು. ಚಳಿಗಾಲದ ಸಂಜೆಗಳಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ; ಆಲೆಮನೆಯ ಕೊಪ್ಪರಿಗೆಯಡಿ ಉರಿಯುವ ಸಿಪ್ಪೆಯ ಹೊಗೆ, ಕಬ್ಬು ಕಟಾವಾದ ಗದ್ದೆಯಲ್ಲಿ ಕೂಳೆ ಬೆಳೆ ಚಿಗುರುವ ಮೊದಲು ತರಗಿಗೆ ಇಡುವ ಬೆಂಕಿಯ ಹೊಗೆ, ಎರಡೂ ಮೇಲೆ ಹೋಗಲಾರದೆ ಊರ ಮೇಲೆ ಹಾಸಿಕೊಳ್ಳುತ್ತವೆ. ನಿಮ್ಮ ಮಾಳಿಗೆಯ ಕಪ್ಪು ಚೂರು ಅದೇ ಬೆಂಕಿಯದು. ಒಂದು ಮಾತು ಮಾತ್ರ ಸೇರಿಸಬೇಕು: ದೊಡ್ಡ ಸ್ಫೋಟಗಳಿಲ್ಲದ ವರ್ಷಗಳಲ್ಲಿಯೂ ಸಮೋಷ್ಣ ಮಂಡಲದಲ್ಲಿ ತೆಳುವಾದ ಗಂಧಕದ ಪದರ ಒಂದಿಷ್ಟು ಇದ್ದೇ ಇರುತ್ತದೆ. ಆದ್ದರಿಂದ ತೊಳೆದಂಥ ಆಕಾಶವಿರುವ ದಿನ ಕಾಲು ಗಂಟೆಯ ಮೇಲೆ ಮಸುಕಾದ ನೇರಳೆ ಕಂಡರೆ ಅದನ್ನು ಹೊಸ ಜ್ವಾಲಾಮುಖಿಗೆ ಕಟ್ಟಬೇಕಿಲ್ಲ.

ಸ್ಫೋಟ ದೊಡ್ಡದಾದ ಮಾತ್ರಕ್ಕೆ ಬಣ್ಣವೂ ತಣುಪೂ ದೊಡ್ಡದಾಗಬೇಕೆಂದೇನೂ ಇಲ್ಲ, ಗಂಧಕ ಎಷ್ಟು ಹೋಯಿತು, ಎಷ್ಟು ಎತ್ತರಕ್ಕೆ ಹೋಯಿತು ಎಂಬುದೇ ಮುಖ್ಯ. 2022ರ ಜನವರಿ 15ರಂದು ಟೊಂಗಾದ ಸಮುದ್ರದೊಳಗಿನ ಹುಂಗಾ ಜ್ವಾಲಾಮುಖಿಯ ಮೋಡ 57 ಕಿಲೋಮೀಟರ್ ಎತ್ತರ ಮುಟ್ಟಿತು. ಅದು ಮೇಲಕ್ಕೊಯ್ದದ್ದು ಹೆಚ್ಚಾಗಿ ನೀರಾವಿ, ಗಂಧಕದ ಡೈಆಕ್ಸೈಡ್ ಪಿನಟುಬೊದ ಮೂವತ್ತು, ನಲವತ್ತರಲ್ಲಿ ಒಂದು ಪಾಲಿನಷ್ಟು. ಹೈಲಿ ಗುಬ್ಬಿಯ ಮೋಡವಾದರೋ 14 ಕಿಲೋಮೀಟರಿನ ಹತ್ತಿರ ನಿಂತದ್ದರಿಂದ ಸಮೋಷ್ಣ ಮಂಡಲದ ಬಾಗಿಲನ್ನೇ ಸರಿಯಾಗಿ ದಾಟಲಿಲ್ಲ.

ಇದೇ ಕಾರಣಕ್ಕೆ ಮುಂದಿನ ವರ್ಷದ ಮಳೆಯ ಭಯವೂ ಇಲ್ಲಿಗೆ ಹೊಂದುವುದಿಲ್ಲ. ಆ ಭಯಕ್ಕೆ ಬೇರು ಇಲ್ಲವೆಂದಲ್ಲ. ಪಿನಟುಬೊದ ನಂತರ ಭೂಮಿಯ ಸರಾಸರಿ ತಾಪ ಸುಮಾರು ಅರ್ಧ ಡಿಗ್ರಿ ಇಳಿದು, 1992ರಲ್ಲಿ ಜಗತ್ತಿನ ನೆಲಭಾಗದ ಮಳೆಯೂ ಕಡಿಮೆಯಾಗಿತ್ತು. 1815ರ ಏಪ್ರಿಲ್‌ನಲ್ಲಿ ಸಿಡಿದ ತಂಬೋರಾ ಮರುವರ್ಷ ಯೂರೋಪಿನ, ಉತ್ತರ ಅಮೆರಿಕದ ಬೇಸಿಗೆಯನ್ನೇ ಕಸಿದುಕೊಂಡು ಬೆಳೆ ಹಾಳು ಮಾಡಿತ್ತು. ಅಂಥದೊಂದು ನಮ್ಮ ಕಾಲದಲ್ಲಿ ನಡೆದರೆ ಕನ್ನಂಬಾಡಿ ಕಟ್ಟೆಯ ನೀರಿನ ಬಗ್ಗೆ ನಾನೂ ಚಿಂತಿಸುತ್ತೇನೆ. ಈ ಸಲ ಚಿಂತಿಸಲಿಲ್ಲ.

ಆಮ್ಲದ ಮಳೆಯ ಸುದ್ದಿಯಲ್ಲಿ ಒಂದು ಎಳೆ ಸತ್ಯವಿದೆ, ಏಕೆಂದರೆ ಆ ಹನಿಗಳು ಆಮ್ಲವೇ ಹೌದು. ಪ್ರಮಾಣವನ್ನು ನಿಮ್ಮ ಗದ್ದೆಯ ಲೆಕ್ಕಕ್ಕೆ ಇಳಿಸೋಣ. ಹೈಲಿ ಗುಬ್ಬಿಯನ್ನು ಬಿಡಿ, ಪಿನಟುಬೊವನ್ನೇ ತೆಗೆದುಕೊಳ್ಳಿ. ಅದರ 2 ಕೋಟಿ ಟನ್ ಅನಿಲವೆಲ್ಲ ಆಮ್ಲವಾದರೆ ಸುಮಾರು 3 ಕೋಟಿ ಟನ್. ಅದನ್ನು ಭೂಮಿಯ ಮೇಲೆ ಸಮನಾಗಿ ಹರಡಿದರೆ ಒಂದು ಎಕರೆಗೆ ಕಾಲು ಕಿಲೋದಷ್ಟು ಬರುತ್ತದೆ, ಅದೂ ಒಂದು ದಿನಕ್ಕಲ್ಲ, ಎರಡು ವರ್ಷಗಳಲ್ಲಿ ನೂರಾರು ಮಳೆಗಳಲ್ಲಿ ಕರಗಿ. ಅದರಲ್ಲಿರುವ ಗಂಧಕ 80 ಗ್ರಾಂ. ನೀವು ಸೊಸೈಟಿಯಿಂದ ತಂದು ಹಾಕುವ 20:20:0:13 ಗೊಬ್ಬರದ 50 ಕಿಲೋ ಚೀಲವೊಂದರಲ್ಲಿ ಗಂಧಕ ಆರೂವರೆ ಕಿಲೋ ಇದೆ. ಜ್ವಾಲಾಮುಖಿಯ ಬುಡದಲ್ಲಿರುವ ಹಳ್ಳಿಗಳ ಕಥೆ ಬೇರೆ, ಅಲ್ಲಿ ಅನಿಲ ನೇರವಾಗಿ ಬೆಳೆಯನ್ನೂ ಉಸಿರನ್ನೂ ಸುಡುತ್ತದೆ.

ಮಾಡಬೇಕಾದದ್ದೇನು ಎಂದರೆ, ಜ್ವಾಲಾಮುಖಿಗಾಗಿ ಏನೂ ಇಲ್ಲ. ತೊಟ್ಟಿ ಮುಚ್ಚುವುದು ಸೊಳ್ಳೆಯ ದೃಷ್ಟಿಯಿಂದ ಎಂದಿಗೂ ಒಳ್ಳೆಯದೇ. ಹೊಗೆಯ ವಿಷಯಕ್ಕೆ ಮಾತ್ರ ನಾನು ಅಷ್ಟು ನಿಶ್ಚಿಂತನಲ್ಲ: ಮನೆಯಲ್ಲಿ ಉಬ್ಬಸದವರೋ ಎಳೆಯ ಮಕ್ಕಳೋ ಇದ್ದರೆ, ಸೂರ್ಯ ತಾಮ್ರದ ತಟ್ಟೆಯಾದ ಸಂಜೆಗಳಲ್ಲಿ ಅವರನ್ನು ಹೊರಗೆ ಬಿಡದೆ ಗದ್ದೆಯ ಕಡೆಯ ಕಿಟಕಿ ಹಾಕಿಕೊಳ್ಳುವುದು ಲೇಸು. ಬಟ್ಟೆ ಕಟ್ಟಿಕೊಂಡರೆ ದೊಡ್ಡ ಚೂರು ನಿಲ್ಲುತ್ತದೆ, ಶ್ವಾಸಕೋಶಕ್ಕಿಳಿಯುವ ಸಣ್ಣ ಕಣ ನಿಲ್ಲುವುದಿಲ್ಲ. ಅದಕ್ಕೆ ಎನ್-95 ಮುಖಗವಸೇ ಬೇಕು. ತರಗಿಗೆ ಬೆಂಕಿ ಇಡುವವರು ಯಾರೆಂದು ನಾನು ಕೇಳುವುದಿಲ್ಲ, ನೀವು ಹೇಳಬೇಕಾಗಿಯೂ ಇಲ್ಲ. ತರಗನ್ನು ಸಾಲಿನಲ್ಲೇ ಹಾಸಿದರೆ ತೇವ ಉಳಿಯುತ್ತದೆ, ಮಣ್ಣಿಗೂ ಸೇರುತ್ತದೆ, ಆದರೆ ಇಲಿಯ ಕಾಟವೂ ಬೇಸಿಗೆಯಲ್ಲಿ ಬೀಡಿಯ ಕಿಡಿಯ ಭಯವೂ ಇವೆ. ಯಂತ್ರದಿಂದ ಕತ್ತರಿಸಿದರೆ ಆ ಭಯ ತಗ್ಗುತ್ತದೆ, ಬಾಡಿಗೆ ಕೊಡಬೇಕು. ಇದು ನನ್ನ ವಿದ್ಯೆಯಲ್ಲ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನವರು ನನಗಿಂತ ಚೆನ್ನಾಗಿ ಹೇಳಿಯಾರು.

ಮಂಕಾದ ಸೂರ್ಯನನ್ನು ದಿಟ್ಟಿಸಿ ನೋಡಬೇಡಿ. ಹೊಗೆ ಕಣ್ಣು ಕುಕ್ಕುವ ಬೆಳಕನ್ನು ತಡೆದಷ್ಟು ಚೆನ್ನಾಗಿ, ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ತಡೆಯುವುದಿಲ್ಲ. ಮುಳುಗಿದ ಮೇಲಿನ ಆಕಾಶವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಫೋನಿನಲ್ಲಿ ತೆಗೆದ ಚಿತ್ರವನ್ನು ಸಾಕ್ಷ್ಯವೆಂದು ನಂಬುವಂತಿಲ್ಲ, ಅದು ತಾನೇ ಬಣ್ಣ ತಿದ್ದುತ್ತದೆ, ನಸುಗೆಂಪನ್ನು ರಕ್ತಗೆಂಪು ಮಾಡುತ್ತದೆ. ವೈಟ್ ಬ್ಯಾಲೆನ್ಸನ್ನು ‘ಡೇಲೈಟ್’ಗೆ ನಿಲ್ಲಿಸಿ, ಐದೈದು ನಿಮಿಷಕ್ಕೆ ಒಂದರಂತೆ ತೆಗೆದರೆ ಚಿತ್ರದ ಬಣ್ಣ ಸುಳ್ಳಾದರೂ ಅದರೊಂದಿಗೆ ದಾಖಲಾಗುವ ಸಮಯ ಸುಳ್ಳಾಗುವುದಿಲ್ಲ. ಇನ್ನು ಮುಂದೆ ಇಂಥ ಸಂಜೆ ಕಂಡರೆ ನನಗೆ ಬಣ್ಣದ ವರ್ಣನೆ ಬೇಡ. ಸೂರ್ಯ ಮುಳುಗಿದ ಹೊತ್ತು, ಬಣ್ಣ ಆರಿದ ಹೊತ್ತು, ಅದು ತಲೆಯ ಮೇಲಿತ್ತೋ ಪಶ್ಚಿಮದ ಅಂಚಿನಲ್ಲಿತ್ತೋ, ಇಷ್ಟು ಬರೆದು ಕಳುಹಿಸಿ.

ಮೆಣಸಿನಕಾಯಿಯನ್ನು ಎಸೆಯಬೇಡಿ. ನೀರು ಹಾಕಿ ತೊಳೆದರೆ ಬೂಸು ಹಿಡಿದೀತು. ಮೊರದಲ್ಲಿ ಕೇರಿ, ಒಣಬಟ್ಟೆಯಿಂದ ಒರೆಸಿ, ಬಿಸಿಲಿನಲ್ಲಿ ಇನ್ನೊಂದು ದಿನ ಹಾಕಿ ಎತ್ತಿಡಲು ತಾಯಿಯವರಿಗೆ ಹೇಳಿ.